ಸಂತೆ ಮುಗಿದ ಮೇಲಿನ ಲೆಕ್ಕ

“ಬನ್ನಿ ಮೇಡಂ, ಕಟ್ಟಿಗೆ ಹತ್ತೇ ರೂಪಾಯಿ!” ಕೊತ್ತಂಬರಿ ಸೊಪ್ಪಿನ ಮುಂದೆ ಕೂತು ಕೂಗುವವಳು ಐದನೇ ಕ್ಲಾಸಿನ ಹುಡುಗಿ, ಚೌಕಾಸಿಗೆ ಇಳಿದವರು ಅವಳದೇ ಟೀಚರು. ನಮ್ಮ ಸರ್ಕಾರಿ ಶಾಲೆಗಳ ಮಕ್ಕಳ ಸಂತೆಯಲ್ಲಿ ಇದು ಮಾಮೂಲು. ಕೆಲವೆಡೆ ಇದನ್ನೇ ಮೆಟ್ರಿಕ್ ಮೇಳ ಎನ್ನುತ್ತಾರೆ. ಕಿಲೋ, ಲೀಟರು, ಮೀಟರುಗಳನ್ನು ಮಕ್ಕಳು ಕೈಯಾರೆ ಅಳೆದು ಕಲಿಯಲಿ ಎಂಬುದು ಗಣಿತದ ಮೇಷ್ಟರ ಆಸೆ.

ಅಳತೆಯೇನೋ ಬರುತ್ತದೆ. ವ್ಯಾಪಾರ? ಸೊಪ್ಪು ಬಂದದ್ದು ಅಪ್ಪನ ದುಡ್ಡಿನಲ್ಲಿ, ಮಿಕ್ಕಿದ್ದು ಅಮ್ಮನ ಅಡುಗೆಮನೆಗೆ. ಅಸಲೆಷ್ಟು, ಬಾಡಿ ಹಾಳಾದದ್ದೆಷ್ಟು ಎಂದು ಸಂಜೆ ಕೂತು ಬರೆಯದಿದ್ದರೆ, ಕೈಗೆ ಬಂದ ಕಾಸೆಲ್ಲ ಲಾಭವೆಂದೇ ಮಗು ತಿಳಿಯುತ್ತದೆ. ಅಂಗಡಿಯವರ ನೆರವು ಬೇಕಾಗುವುದು ಇಲ್ಲಿ.

ಇಂಥ ನೆರವು ಹೊಸದೇನಲ್ಲ. ಅಮೆರಿಕದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ 1919ರಲ್ಲಿ ಶುರುವಾದ ಜೂನಿಯರ್ ಅಚೀವ್‌ಮೆಂಟ್ ಸಂಸ್ಥೆಯನ್ನು ಕಟ್ಟಿದವರಲ್ಲಿ ಟೆಲಿಫೋನ್ ಕಂಪನಿಯ ಥಿಯೊಡೋರ್ ವೇಲ್, ಕಾಗದದ ಕಾರ್ಖಾನೆಯ ಹೊರೇಸ್ ಮೋಸಸ್ ಇದ್ದರು. ಅದರ ಕಂಪನಿ ಕಾರ್ಯಕ್ರಮದಲ್ಲಿ ಹುಡುಗರು ಸಣ್ಣ ಷೇರು ಮಾರಿ ಬಂಡವಾಳ ಎತ್ತುತ್ತಾರೆ, ಸಾಮಾನು ಮಾಡಿ ಮಾರುತ್ತಾರೆ, ಕೊನೆಗೆ ಕಂಪನಿ ಮುಚ್ಚಿ ಷೇರುದಾರರಿಗೆ ಲೆಕ್ಕ ಒಪ್ಪಿಸುತ್ತಾರೆ. ಮುಚ್ಚುವುದನ್ನೂ ಕಲಿಸುತ್ತಾರಲ್ಲ, ನನಗೆ ಹಿಡಿಸಿದ್ದು ಅದೇ. ನಮ್ಮಲ್ಲೂ ಉದ್ಯಮ ಕಲಿಸಲು ಕೈಜೋಡಿಸಿದವರಿದ್ದಾರೆ: 1982ರಲ್ಲಿ ಧರ್ಮಸ್ಥಳದ ಟ್ರಸ್ಟ್ ಜೊತೆ ಸಿಂಡಿಕೇಟ್, ಕೆನರಾ ಬ್ಯಾಂಕುಗಳು ಸೇರಿ ಉಜಿರೆಯಲ್ಲಿ ರುಡ್‌ಸೆಟ್ ಸಂಸ್ಥೆ ತೆರೆದವು. ಆದರೆ ಅಲ್ಲಿ ಸೇರಲು ಹದಿನೆಂಟು ತುಂಬಿರಬೇಕು.

ಶಾಲೆಯ ಮಕ್ಕಳಿಗೆ ಬೆಂಗಳೂರಿನ ಸಂಜಯನಗರದಂಥ ಬಡಾವಣೆಯಲ್ಲಿ ಮೇಷ್ಟ್ರುಗಳು ಬೀದಿಯಲ್ಲೇ ಇದ್ದಾರೆ: ದಿನಸಿ ಅಂಗಡಿ, ದರ್ಶಿನಿ, ಟೈಲರು, ಹೂವಿನವರು. ಸಗಟು ದರ ನೋಡಬೇಕೆಂದರೆ ಯಶವಂತಪುರದ ಎಪಿಎಂಸಿ ಯಾರ್ಡ್ ದೂರವೇನಲ್ಲ. ಆರರಿಂದ ಎಂಟನೇ ತರಗತಿಯವರು ಹತ್ತು ದಿನ ಬ್ಯಾಗಿಲ್ಲದೆ ಬಡಗಿ, ಕುಂಬಾರ, ತೋಟಗಾರರ ಬಳಿ ಕಲಿಯಲಿ ಎಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿ ಹೇಳುತ್ತದೆ. ಆ ನೀತಿಯ ಜಗಳ ಏನೇ ಇರಲಿ, ಈ ಸಾಲಿಗೆ ನನ್ನ ತಕರಾರಿಲ್ಲ. ಕಲಿಕೆಯ ನೆಪದಲ್ಲಿ ಮಕ್ಕಳನ್ನು ದುಡಿಸಿಕೊಳ್ಳಬಾರದು, ಅಷ್ಟೇ.

ಸಂತೆಗೆ ಬ್ಯಾನರ್ ಕಟ್ಟಿಸಿ ಹೆಸರು ಹಾಕಿಸಿಕೊಳ್ಳುವ ಪ್ರಾಯೋಜಕರಿಗಿಂತ, ಬೆಳಿಗ್ಗೆ ಸರಕು ಉದ್ರಿ ಕೊಟ್ಟು ಸಂಜೆ ಅಸಲು ವಸೂಲಿಗೆ ಬರುವ ಅಂಗಡಿಯವರು ಹೆಚ್ಚು ಕಲಿಸುತ್ತಾರೆ. ಎನ್‌ಎಸ್‌ಕ್ಯೂಎಫ್ ಎಂಬ ವೃತ್ತಿಶಿಕ್ಷಣ ಇರುವ ಪ್ರೌಢಶಾಲೆಗಳಲ್ಲಿ ರೀಟೇಲ್ ಒಂದು ಪರೀಕ್ಷೆಯ ವಿಷಯವೇ ಆಗಿದೆ. ಅಂಗಡಿ ಭೇಟಿಗೂ ಅದರಲ್ಲಿ ಜಾಗವಿದೆ. ಹೋದವರು ಕೌಂಟರಿನ ಈಚೆ ನಿಂತು ಫೋಟೊ ತೆಗೆಸಿಕೊಂಡು ಬರುವ ಬದಲು, ಒಂದು ಮಧ್ಯಾಹ್ನ ಆಚೆ ಹೋಗಿ ದಾಸ್ತಾನು ಎಣಿಸಲಿ, ಬಿಲ್ಲಿನಲ್ಲಿ ಜಿಎಸ್‌ಟಿ ಎಷ್ಟಾಯಿತು ನೋಡಲಿ.