ಎಳೆಮಗುವಿನ ಇಸುಬಿಗೆ ತಾಯಿಯ ಬಸಿರು ಕಾರಣವೇ?

ಮಗುವಿಗೆ ಎರಡು ಮೂರು ತಿಂಗಳಾಗುತ್ತಿದ್ದಂತೆ ಕೆನ್ನೆಗಳು ಕೆಂಪೇರುತ್ತವೆ. ಚರ್ಮ ಒರಟಾಗಿ, ಸಣ್ಣ ಗುಳ್ಳೆಗಳೆದ್ದು ನೀರು ಜಿನುಗುತ್ತದೆ. ಮಗು ಹಾಸಿಗೆಗೆ, ತಾಯಿಯ ಭುಜಕ್ಕೆ ಮುಖ ಉಜ್ಜುತ್ತದೆ. ರಾತ್ರಿಯೆಲ್ಲಾ ನಿದ್ದೆಯಿಲ್ಲದೆ ಅಳುತ್ತದೆ. ಇಂಥ ಮಗುವನ್ನು ಎತ್ತಿಕೊಂಡು ರಾಜಾಜಿನಗರ, ವಿಜಯನಗರ, ಬಸವೇಶ್ವರನಗರದ ಕಡೆಯ ಯಾವ ವೈದ್ಯರ ಬಳಿ ಹೋದರೂ, ಜೊತೆಗೆ ಬಂದ ಹಿರಿಯರಿಂದ ಒಂದು ಮಾತು ಬರುವುದುಂಟು: "ಬಸುರಿಯಾಗಿದ್ದಾಗ ಬದನೆಕಾಯಿ ತಿನ್ನಬೇಡ ಅಂದರೆ ಕೇಳಲಿಲ್ಲ ಡಾಕ್ಟ್ರೇ, ಅದರ ನಂಜೇ ಮಗುವಿಗೆ ಬಂದಿರೋದು." ತಾಯಿ ತಲೆ ತಗ್ಗಿಸಿ ಕೂತಿರುತ್ತಾಳೆ.

ಈ ಮಾತಿನಲ್ಲಿ ಸ್ವಲ್ಪ ನಿಜವಿದೆ, ಹೆಚ್ಚು ತಪ್ಪಿದೆ. ಮಗುವಿನ ಚರ್ಮದ ಮೇಲೆ ಗರ್ಭದ ಪರಿಸ್ಥಿತಿಯ ಪ್ರಭಾವ ಇದೆ ಎಂಬುದಕ್ಕೆ ಇತ್ತೀಚಿನ ಸಂಶೋಧನೆಗಳು ಆಧಾರ ಒದಗಿಸುತ್ತಿವೆ. ಆದರೆ ಅದು ಬದನೆಕಾಯಿಯ ನಂಜಲ್ಲ, ತಾಯಿಯ ಅಪರಾಧವೂ ಅಲ್ಲ.

ಇಸುಬು ಎಂದರೇನು?

ವೈದ್ಯರು ಎಕ್ಸಿಮಾ ಎಂದು ಕರೆಯುವ ಈ ಇಸುಬು ಅಂಟುರೋಗವಲ್ಲ. ಕಜ್ಜಿಯೇ ಬೇರೆ, ಹುಳುಕಡ್ಡಿಯೇ ಬೇರೆ. ಮನೆಯಲ್ಲಿ ಇತರರಿಗೂ ರಾತ್ರಿ ಹೊತ್ತು ವಿಪರೀತ ನವೆಯಿದ್ದರೆ ಅದು ಕಜ್ಜಿಯಿರಬಹುದು. ಅದಕ್ಕೆ ಚಿಕಿತ್ಸೆ ಬೇರೆ.

ನಮ್ಮ ಚರ್ಮವನ್ನು ಒಂದು ಇಟ್ಟಿಗೆ ಗೋಡೆಯೆಂದುಕೊಳ್ಳಿ. ಜೀವಕೋಶಗಳು ಇಟ್ಟಿಗೆಗಳು, ಅವುಗಳ ನಡುವಿನ ಕೊಬ್ಬಿನಂಶವೇ ಗಾರೆ. ಇಸುಬಿರುವ ಮಗುವಿನಲ್ಲಿ ಈ ಗೋಡೆ ಬಿರುಕು ಬಿಟ್ಟಿರುತ್ತದೆ. ಒಳಗಿನ ತೇವ ಆರಿಹೋಗುತ್ತದೆ, ಹೊರಗಿನ ಧೂಳು, ಸೋಪು, ರೋಗಾಣುಗಳು ಒಳನುಗ್ಗುತ್ತವೆ. ದೇಹದ ರೋಗನಿರೋಧಕ ಶಕ್ತಿ ಅವುಗಳ ವಿರುದ್ಧ ಅತಿಯಾಗಿ ಕೆರಳಿ, ಚರ್ಮ ಕೆಂಪಾಗಿ ನವೆ ಶುರುವಾಗುತ್ತದೆ.

ಈ ಗೋಡೆಯ ಗಟ್ಟಿತನ ಬಹುಮಟ್ಟಿಗೆ ವಂಶದಿಂದ ಬರುವಂಥದು. 2006ರಲ್ಲಿ ಸ್ಕಾಟ್ಲೆಂಡಿನ ಡಂಡಿ ವಿಶ್ವವಿದ್ಯಾಲಯದ ವಿಜ್ಞಾನಿಗಳು, ಚರ್ಮಕ್ಕೆ ಬೇಕಾದ ಫಿಲಾಗ್ರಿನ್ ಎಂಬ ಪ್ರೋಟೀನಿನ ವಂಶವಾಹಿಯಲ್ಲಿ ದೋಷವಿದ್ದರೆ ಇಸುಬಿನ ಸಂಭವ ಹೆಚ್ಚು ಎಂದು ತೋರಿಸಿದರು. ತಂದೆಗೋ ತಾಯಿಗೋ ಉಬ್ಬಸ, ಪದೇ ಪದೇ ಸೀನು, ಬಾಲ್ಯದಲ್ಲಿ ಇಸುಬು ಇದ್ದರೆ ಮಗುವಿಗೂ ಬರುವ ಸಾಧ್ಯತೆ ಜಾಸ್ತಿ; ಇಬ್ಬರಿಗೂ ಇದ್ದರೆ ಇನ್ನೂ ಜಾಸ್ತಿ. ಅಂದರೆ ತಂದೆಯ ಪಾಲೂ ಇಲ್ಲಿದೆ. ದೂಷಣೆ ಮಾತ್ರ ತಾಯಿಯ ಪಾಲಿಗೆ ಬರುತ್ತದೆ!

ಗರ್ಭದಲ್ಲಿ ನಡೆಯುವುದೇನು?

ಚರ್ಮದ ಹೊರಪದರ ಬಲಿಯುವುದು ಬಸುರಿನ ಕೊನೆಯ ಮೂರು ತಿಂಗಳಲ್ಲಿ. ಹುಟ್ಟಿದ ಮಗುವಿನ ಮೈಮೇಲೆ ಕಾಣುವ ಬೆಣ್ಣೆಯಂಥ ಬಿಳಿ ಲೇಪ, ಗರ್ಭನೀರಿನಲ್ಲಿ ಮುಳುಗಿದ್ದ ಚರ್ಮವನ್ನು ಕಾಪಾಡಲು ಪ್ರಕೃತಿಯೇ ಮಾಡಿದ ಏರ್ಪಾಡು. ರೋಗನಿರೋಧಕ ಶಕ್ತಿಯೂ ಇದೇ ಕಾಲದಲ್ಲಿ ರೂಪುಗೊಳ್ಳುತ್ತದೆ. ತಾಯಿಯ ದೇಹ ಮಗುವನ್ನು ಪರಕೀಯವೆಂದು ತಳ್ಳಿಹಾಕದಂತೆ ಗರ್ಭದೊಳಗೆ ಈ ಶಕ್ತಿ ಸ್ವಲ್ಪ ಅಲರ್ಜಿಯ ಕಡೆಗೇ ವಾಲಿರುತ್ತದೆ. ಹುಟ್ಟಿದ ಮೇಲೆ ಹೊರಜಗತ್ತಿನ ಸೂಕ್ಷ್ಮಜೀವಿಗಳ ಪರಿಚಯವಾದಂತೆ ಅದು ಸಮತೋಲಕ್ಕೆ ಬರಬೇಕು. ಕೆಲವು ಮಕ್ಕಳಲ್ಲಿ ಹಾಗೆ ಬರುವುದು ತಡವಾಗುತ್ತದೆ.

ಗರ್ಭದಲ್ಲಿ ನಡೆದದ್ದು ಮುಂದಿನ ಆರೋಗ್ಯದ ಮೇಲೆ ಗುರುತು ಬಿಡುತ್ತದೆ ಎಂಬ ವಿಚಾರಕ್ಕೆ ನಮ್ಮ ಮೈಸೂರಿನ ಕೊಡುಗೆ ದೊಡ್ಡದು. ಅಲ್ಲಿಯ ಜನ ಮಿಷನ್ ಆಸ್ಪತ್ರೆ ಎಂದೇ ಕರೆಯುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದಲೂ ಹುಟ್ಟಿದ ಮಕ್ಕಳ ತೂಕ ಬರೆದಿಟ್ಟ ದಾಖಲೆಗಳಿದ್ದವು. ಇಂಗ್ಲೆಂಡಿನ ಸೌತಾಂಪ್ಟನ್‌ನ ಡಾ. ಡೇವಿಡ್ ಬಾರ್ಕರ್, ಡಾ. ಕೆರೊಲಿನ್ ಫಾಲ್ ಮತ್ತು ಮೈಸೂರಿನ ವೈದ್ಯರು ಆ ದಾಖಲೆಗಳ ಮಕ್ಕಳನ್ನು ಅವರ ನಡುವಯಸ್ಸಿನಲ್ಲಿ ಹುಡುಕಿ ಪರೀಕ್ಷಿಸಿದರು. ಕಡಿಮೆ ತೂಕದಲ್ಲಿ ಹುಟ್ಟಿದವರಲ್ಲಿ ಹೃದ್ರೋಗ ಹೆಚ್ಚು ಎಂದು 1996ರಲ್ಲಿ ಪ್ರಕಟಿಸಿದರು. ಈ ಅಧ್ಯಯನ ಇಸುಬಿನದಲ್ಲ. ಆದರೆ ಅದೇ ಸೌತಾಂಪ್ಟನ್‌ನ ಸಂಶೋಧಕರು ಮುಂದೆ ಇದೇ ಪ್ರಶ್ನೆಯನ್ನು ಮಗುವಿನ ಚರ್ಮದ ಬಗೆಗೂ ಕೇಳಿದರು.

ಬಿಸಿಲಿನ ಜೀವಸತ್ವ

ಇಂಗ್ಲೆಂಡಿನ ಗರ್ಭಿಣಿಯರ ಒಂದು ಗುಂಪಿಗೆ ಹದಿನಾಲ್ಕನೆಯ ವಾರದಿಂದ ಹೆರಿಗೆಯವರೆಗೆ ದಿನಕ್ಕೆ 1000 ಯೂನಿಟ್ 'ಡಿ' ಜೀವಸತ್ವ, ಇನ್ನೊಂದು ಗುಂಪಿಗೆ ಬರೀ ಹುಸಿ ಗುಳಿಗೆ ಕೊಡಲಾಯಿತು. ಅವರಿಗೆ ಹುಟ್ಟಿದ ಸುಮಾರು 700 ಮಕ್ಕಳನ್ನು ಪರೀಕ್ಷಿಸಿದ ಫಲಿತಾಂಶ 2022ರಲ್ಲಿ ಪ್ರಕಟವಾಯಿತು. 'ಡಿ' ಪಡೆದ ತಾಯಂದಿರ ಮಕ್ಕಳಲ್ಲಿ ಒಂದು ವರ್ಷದ ವಯಸ್ಸಿಗೆ ಇಸುಬು ಗಣನೀಯವಾಗಿ ಕಡಿಮೆಯಿತ್ತು. ಒಂದು ತಿಂಗಳಿಗಿಂತ ಹೆಚ್ಚು ಎದೆಹಾಲು ಕುಡಿದವರಲ್ಲಿ ಈ ಲಾಭ ಇನ್ನೂ ಸ್ಪಷ್ಟವಾಗಿತ್ತು. ಆದರೆ ಎರಡು ವರ್ಷ, ನಾಲ್ಕು ವರ್ಷ ತುಂಬುವ ವೇಳೆಗೆ ಎರಡೂ ಗುಂಪಿನ ನಡುವೆ ಅಂಥ ವ್ಯತ್ಯಾಸ ಉಳಿಯಲಿಲ್ಲ. ಪ್ರಭಾವ ನಿಜ, ಆದರೆ ಅದಕ್ಕೊಂದು ಮಿತಿಯಿದೆ.

"ನಮ್ಮದು ಬಿಸಿಲಿನ ದೇಶ, ನಮಗೇಕೆ ಆ ಚಿಂತೆ?" ಎನ್ನಬೇಡಿ. 1990ರ ದಶಕದ ಕೊನೆಯಲ್ಲಿ ಮೈಸೂರಿನ ಅದೇ ಆಸ್ಪತ್ರೆಯಲ್ಲಿ ಗರ್ಭಿಣಿಯರಿಂದ ಸಂಗ್ರಹಿಸಿದ ರಕ್ತವನ್ನು ಪರೀಕ್ಷಿಸಿದಾಗ, ಸುಮಾರು ಮೂರರಲ್ಲಿ ಎರಡು ಪಾಲು ಮಂದಿಗೆ 'ಡಿ' ಜೀವಸತ್ವದ ಕೊರತೆ ಕಂಡುಬಂತು. ಬಿಸಿಲಿದ್ದರೂ ನಾವು ಬಿಸಿಲಿಗೆ ಬರುವುದಿಲ್ಲ. ಅಕ್ಕಪಕ್ಕದ ಗೋಡೆಗೆ ಒತ್ತಿಕೊಂಡ ಬಾಡಿಗೆ ಮನೆಗಳಲ್ಲಿ, ದಿನವಿಡೀ ಟ್ಯೂಬ್‌ಲೈಟಿನ ಕೆಳಗೆ ಕೂರುವ ಕಚೇರಿಗಳಲ್ಲಿ ಅದು ಸಿಗುವುದಾದರೂ ಹೇಗೆ? ಬಸುರಿ ಹೆಂಗಸು ಮಾಳಿಗೆಯ ಮೇಲೋ ಅಂಗಳದಲ್ಲೋ ದಿನವೂ ಸ್ವಲ್ಪ ಹೊತ್ತು ಬಿಸಿಲಿನಲ್ಲಿ ಓಡಾಡುವುದು ಒಳ್ಳೆಯದು. ಗುಳಿಗೆ ಬೇಕೇ, ಎಷ್ಟು ಬೇಕು ಎಂಬುದನ್ನು ಹೆರಿಗೆ ವೈದ್ಯರು ನಿರ್ಧರಿಸಲಿ. ಮೆಡಿಕಲ್ ಸ್ಟೋರಿನಲ್ಲಿ ಸಿಗುವ 60,000 ಯೂನಿಟ್‌ನ ಪುಡಿಯನ್ನು ನೀವಾಗಿಯೇ ತಂದು ಕುಡಿಯಬೇಡಿ; ಅತಿಯಾದರೆ ಅದೂ ವಿಷವೇ.

ಮನಸ್ಸಿನ ಒತ್ತಡ

2025ರಲ್ಲಿ ಫ್ರಾನ್ಸಿನ ವಿಜ್ಞಾನಿಗಳು ಇಲಿಗಳ ಮೇಲೆ ನಡೆಸಿದ ಒಂದು ಅಧ್ಯಯನ ಪ್ರಕಟವಾಯಿತು. ಗರ್ಭಿಣಿ ಇಲಿಗಳು ಒತ್ತಡಕ್ಕೆ ಒಳಗಾದಾಗ ಅವುಗಳ ರಕ್ತದಲ್ಲಿ ಒತ್ತಡದ ಹಾರ್ಮೋನು ಏರಿ, ಗರ್ಭದಲ್ಲಿದ್ದ ಮರಿಗಳ ಚರ್ಮದಲ್ಲಿ ನವೆಗೆ ಕಾರಣವಾಗುವ ಮಾಸ್ಟ್ ಕೋಶಗಳ ಸ್ವಭಾವವೇ ಬದಲಾಯಿತು. ಹುಟ್ಟಿದ ಮೇಲೆ ಮರಿಗಳ ಚರ್ಮ ಸಣ್ಣ ತಿಕ್ಕಾಟಕ್ಕೂ ಕೆರಳಿ ಇಸುಬಿನಂತಾಯಿತು. ತಾಯಿಯ ಹಾರ್ಮೋನನ್ನು ಹತೋಟಿಗೆ ತಂದಾಗ ಮರಿಗಳಿಗೆ ತೊಂದರೆಯಾಗಲಿಲ್ಲ.

ಇಲಿಯಲ್ಲಿ ಕಂಡದ್ದೆಲ್ಲ ಮನುಷ್ಯರಿಗೆ ಹಾಗೇ ಅನ್ವಯಿಸುವುದಿಲ್ಲ. ಆದರೂ ತಾಯಿಯ ಮನೋವ್ಯಥೆಗೂ ಮಗುವಿನ ಇಸುಬಿಗೂ ನಂಟಿರಬಹುದೆಂದು ಮನುಷ್ಯರ ಅಧ್ಯಯನಗಳೂ ಸೂಚಿಸಿವೆ. ಇದನ್ನು ಓದಿ "ನೀನು ಸುಮ್ಮಸುಮ್ಮನೆ ಚಿಂತೆ ಮಾಡಿದ್ದಕ್ಕೇ ಹೀಗಾಯಿತು" ಎಂದು ಸೊಸೆಯ ಮೇಲೆ ಇನ್ನೊಂದು ಆರೋಪ ಹೊರಿಸಬೇಡಿ. ಬಸುರಿಯ ಒತ್ತಡ ಅವಳೊಬ್ಬಳ ಕೈಯಲ್ಲಿಲ್ಲ. ಏಳನೆಯ ತಿಂಗಳಲ್ಲೂ ಕೆಂಗೇರಿಯಿಂದ ಮೆಜೆಸ್ಟಿಕ್‌ಗೆ ನಿಂತೇ ಪ್ರಯಾಣಿಸಿ, ಮನೆಗೆ ಬಂದು ಅಡುಗೆಗೆ ನಿಲ್ಲುವವಳಿಗೆ "ನೆಮ್ಮದಿಯಿಂದಿರು" ಎಂದರೆ ಏನು ಪ್ರಯೋಜನ? ಅವಳ ಕೆಲಸದ ಭಾರ ಇಳಿಸುವುದು, ಮಾತಿನ ಚುಚ್ಚು ನಿಲ್ಲಿಸುವುದು ಮನೆಯವರೆಲ್ಲರ ಹೊಣೆ.

ಪಥ್ಯ ಬೇಕೇ?

ಮೊಟ್ಟೆ, ಹಾಲು, ಕಡಲೆಕಾಯಿ ಬಿಟ್ಟರೆ ಮಗುವಿಗೆ ಅಲರ್ಜಿ ಬರುವುದಿಲ್ಲ ಎಂದು ಒಂದು ಕಾಲಕ್ಕೆ ವೈದ್ಯರೂ ನಂಬಿದ್ದರು. ಈ ಬಗ್ಗೆ ನಡೆದ ಪ್ರಯೋಗಗಳನ್ನೆಲ್ಲ ಒಟ್ಟುಗೂಡಿಸಿ ಕಾಕ್ರೇನ್ ಸಂಸ್ಥೆ 2012ರಲ್ಲಿ ಪ್ರಕಟಿಸಿದ ಪರಾಮರ್ಶೆಯಲ್ಲಿ, ಬಸುರಿನಲ್ಲಿ ಇಂಥ ಪಥ್ಯ ಮಾಡಿದ್ದರಿಂದ ಮಕ್ಕಳ ಇಸುಬು ಕಡಿಮೆಯಾದುದಕ್ಕೆ ಆಧಾರ ಸಿಗಲಿಲ್ಲ. ಪಥ್ಯ ಮಾಡಿದ ತಾಯಂದಿರ ತೂಕ ಮಾತ್ರ ಸರಿಯಾಗಿ ಏರಲಿಲ್ಲ. ರಕ್ತಹೀನತೆ ಸಾಮಾನ್ಯವಾಗಿರುವ ನಮ್ಮ ಹೆಣ್ಣುಮಕ್ಕಳಿಗೆ ನಂಜು, ಉಷ್ಣ, ವಾಯು ಎಂದು ಒಂದೊಂದೇ ಪದಾರ್ಥ ತಪ್ಪಿಸುತ್ತಾ ಹೋದರೆ ಮಗುವಿನ ತೂಕಕ್ಕೇ ಕುತ್ತು. ಸೊಪ್ಪು, ಕಾಳು, ರಾಗಿ, ಹಾಲು, ಮೊಸರು, ತಿನ್ನುವವರಾದರೆ ಮೊಟ್ಟೆ, ಮೀನು - ಎಲ್ಲವೂ ಇರಲಿ. ತಾಯಿಗೇ ಒಂದು ಪದಾರ್ಥ ಒಗ್ಗದಿದ್ದರೆ ಮಾತ್ರ ಅದನ್ನು ಬಿಡಬೇಕು.

ಮೊಸರಿನ ಮಾತು ಬಂತು. 2001ರಲ್ಲಿ ಫಿನ್ಲೆಂಡಿನ ವೈದ್ಯರು, ಮನೆತನದಲ್ಲಿ ಅಲರ್ಜಿಯಿದ್ದ ತಾಯಂದಿರಿಗೆ ಹೆರಿಗೆಗೆ ಕೆಲವು ವಾರ ಮುಂಚಿನಿಂದಲೂ, ಹೆರಿಗೆಯ ನಂತರ ಆರು ತಿಂಗಳು ತಾಯಿಗೋ ಮಗುವಿಗೋ ಒಂದು ಬಗೆಯ ಉಪಕಾರಿ ಲ್ಯಾಕ್ಟೊಬ್ಯಾಸಿಲಸ್ ಬ್ಯಾಕ್ಟೀರಿಯಾ ಕೊಟ್ಟಾಗ ಎರಡು ವರ್ಷದ ಮಕ್ಕಳಲ್ಲಿ ಇಸುಬು ಅರ್ಧಕ್ಕಿಳಿಯಿತು ಎಂದರು. ನಂತರದ ಪ್ರಯೋಗಗಳಲ್ಲಿ ಕೆಲವು ಇದನ್ನು ಸಮರ್ಥಿಸಿದವು, ಕೆಲವು ಸಮರ್ಥಿಸಲಿಲ್ಲ. ಮನೆಯ ಮೊಸರಿನಲ್ಲಿ ಅದೇ ತಳಿಯಿರುತ್ತದೆ ಎನ್ನಲಾಗದು. ಆದರೂ ಮೊಸರನ್ನು "ಶೀತ" ಎಂದು ತಪ್ಪಿಸಲು ಕಾರಣವಿಲ್ಲ.

ಮಗು ಹುಟ್ಟಿದ ಮೇಲೆ

ಗರ್ಭದಲ್ಲಿ ಆದದ್ದನ್ನು ಬದಲಿಸಲಾಗದು. ಚರ್ಮದ ಆರೈಕೆ ನಮ್ಮ ಕೈಯಲ್ಲಿದೆ. ಇಸುಬಿರುವ ಮಗುವಿಗೆ ಈ ಕೆಳಗಿನವು ಮುಖ್ಯ:

1. ಸುಡುವ ನೀರಿನ ದೀರ್ಘ ಎರೆತ ಬೇಡ. ಉಗುರುಬೆಚ್ಚಗಿನ ನೀರಿನಲ್ಲಿ ಐದು ಹತ್ತು ನಿಮಿಷ ಸಾಕು. ಕಡಲೆಹಿಟ್ಟು, ಸೀಗೆಪುಡಿ ಹಾಕಿ ಉಜ್ಜಬಾರದು. ಸಾಂಬ್ರಾಣಿ ಹೊಗೆ ಹಿಡಿಯಬಾರದು.

2. ಮೈ ಒರೆಸಿದ ತಕ್ಷಣ, ತೇವ ಆರುವ ಮುನ್ನ ಪೆಟ್ರೋಲಿಯಂ ಜೆಲ್ಲಿ ಅಥವಾ ಶುದ್ಧ ಕೊಬ್ಬರಿ ಎಣ್ಣೆ ಹಚ್ಚಿ. ದಿನಕ್ಕೆ ಎರಡು ಮೂರು ಸಲ ಹಚ್ಚಬಹುದು. ಸಾಸಿವೆ ಎಣ್ಣೆ ಬೇಡ.

3. ಮೆತ್ತನೆಯ ಹತ್ತಿ ಬಟ್ಟೆ ತೊಡಿಸಿ. ಉಣ್ಣೆಯ ಕುಲಾವಿ ನೇರವಾಗಿ ಚರ್ಮಕ್ಕೆ ತಾಗದಿರಲಿ. ಉಗುರು ಕತ್ತರಿಸಿರಲಿ.

4. ಮನೆಯೊಳಗೆ ಬೀಡಿ, ಸಿಗರೇಟು ಬೇಡ. ಬಸುರಿನಲ್ಲೂ ಈ ಹೊಗೆ ಮಗುವಿನ ತೂಕಕ್ಕೆ, ಶ್ವಾಸಕೋಶಕ್ಕೆ ಹಾನಿಕರ.

5. ಎದೆಹಾಲು ನಿಲ್ಲಿಸಬೇಡಿ. ಬಾಣಂತಿಗೆ ಹೊಟ್ಟೆ ತುಂಬ ಊಟ, ಬೇಕಾದಷ್ಟು ನೀರು ಕೊಡಿ.

6. ವೈದ್ಯರು ಬರೆದುಕೊಟ್ಟ ಸ್ಟೀರಾಯ್ಡ್ ಮುಲಾಮನ್ನು ಹೇಳಿದಷ್ಟು ದಿನ, ಹೇಳಿದಷ್ಟೇ ಪ್ರಮಾಣದಲ್ಲಿ ಹಚ್ಚಿದರೆ ಭಯವಿಲ್ಲ. ಪಕ್ಕದ ಮನೆಯವರು ಹೇಳಿದ, ಮೂರು ನಾಲ್ಕು ಔಷಧಿ ಬೆರೆಸಿದ ಟ್ಯೂಬುಗಳನ್ನು ಮಗುವಿನ ಮುಖಕ್ಕೆ ಹಚ್ಚಬೇಡಿ; ಅವುಗಳಿಂದ ಚರ್ಮ ತೆಳುವಾಗುತ್ತದೆ.

ಕೀವು, ಹಳದಿ ಹಕ್ಕಳೆ ಕಂಡರೆ ಮರುದಿನಕ್ಕೆ ಮುಂದೂಡದೆ ವೈದ್ಯರಿಗೆ ತೋರಿಸಿ. ಜ್ವರದ ಜೊತೆಗೆ ನೀರುಗುಳ್ಳೆಗಳ ಗುಂಪು ಕಾಣಿಸಿಕೊಂಡರೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ. ಬಹಳಷ್ಟು ಮಕ್ಕಳಲ್ಲಿ ಇಸುಬು ಶಾಲೆಗೆ ಸೇರುವ ಹೊತ್ತಿಗೆ ತಗ್ಗುತ್ತದೆ. ಅಲ್ಲಿಯವರೆಗೆ ತಾಯಿಯೊಬ್ಬಳೇ ರಾತ್ರಿಯೆಲ್ಲಾ ಎಚ್ಚರವಿರದೆ, ಮುಲಾಮು ಹಚ್ಚುವ, ಅಳುವ ಮಗುವನ್ನು ಎತ್ತಿಕೊಳ್ಳುವ ಸರದಿಯನ್ನು ತಂದೆಯೂ ಅಜ್ಜಿಯೂ ಹಂಚಿಕೊಳ್ಳಬೇಕು.