ನೆಲೆ, ತಳಿ ಮತ್ತು ರುಚಿ: ಕರ್ನಾಟಕದ ಕಾಫಿಯನ್ನು ಕುರಿತ ಒಂದು ವಿವೇಚನೆ

ಬಾಬಾಬುಡನ್‌ಗಿರಿ ಶ್ರೇಣಿಯಲ್ಲಿ ಹುಟ್ಟುವ ವೇದಾ ಮತ್ತು ಅವತಿ ತೊರೆಗಳು ಕಡೂರಿನ ಬಳಿ ಕೂಡಿ ವೇದಾವತಿಯಾಗುತ್ತವೆ. ಹಿರಿಯೂರಿನ ಬಯಲನ್ನು ದಾಟಿ, ಬಳ್ಳಾರಿ ಸೀಮೆಯಲ್ಲಿ ಹಗರಿಯೆಂಬ ಹೆಸರು ಪಡೆದು, ಸಿರುಗುಪ್ಪ ತಾಲ್ಲೂಕಿನಲ್ಲಿ ಈ ನದಿಯು ತುಂಗಭದ್ರೆಯನ್ನು ಸೇರುತ್ತದೆ. ನದಿಯ ತಲೆಯಲ್ಲಿ ಕಾಫಿಯ ನಾಡು, ತುದಿಯಲ್ಲಿ ಭತ್ತದ ನಾಡು. ಸಿರುಗುಪ್ಪದ ಕಪ್ಪು ನೆಲ, ಅಲ್ಪ ಮಳೆ ಹಾಗೂ ಕಡುಬೇಸಗೆಯಲ್ಲಿ ಕಾಫಿ ಗಿಡ ಬದುಕಲಾರದು. ಆದರೆ 1953ರಲ್ಲಿ ತುಂಗಭದ್ರಾ ಜಲಾಶಯದ ನೀರು ಕಾಲುವೆಗಳಿಗೆ ಹರಿಯತೊಡಗಿದ ಮೇಲೆ ಭತ್ತವನ್ನೇ ನೆಚ್ಚಿ ಬೆಳೆದ ಈ ಸೀಮೆಗೆ, ಬೆಳೆಯ ರುಚಿ ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆ ಹೊಸದಲ್ಲ. ಸೋನಾ ಮತ್ತು ಮಸೂರಿ ತಳಿಗಳ ಸಂಕರದಿಂದ ಬಂದ ಸೋನಾ ಮಸೂರಿಯನ್ನು ಕೊಳ್ಳುವವರು ತಳಿಯನ್ನಷ್ಟೇ ಕೇಳುವುದಿಲ್ಲ. ಬೆಳೆದ ಊರನ್ನೂ, ಅಕ್ಕಿ ಹಳೆಯದೋ ಹೊಸದೋ ಎಂಬುದನ್ನೂ ಕೇಳುತ್ತಾರೆ. ತಳಿ, ನೆಲೆ, ಸಂಸ್ಕರಣೆ ಎಂಬ ಇವೇ ಮೂರು ಅಂಶಗಳು ಕಾಫಿಯ ರುಚಿಯನ್ನೂ ನಿರ್ಧರಿಸುತ್ತವೆ.

ನೆಲೆಯ ಪ್ರಭಾವ

ಹದಿನೇಳನೆಯ ಶತಮಾನದಲ್ಲಿ ಬಾಬಾ ಬುಡನ್ ಅವರು ಯೆಮೆನ್ ದೇಶದಿಂದ ಏಳು ಕಾಫಿ ಬೀಜಗಳನ್ನು ತಂದು ಚಂದ್ರದ್ರೋಣ ಪರ್ವತದಲ್ಲಿ ಬಿತ್ತಿದರೆಂಬುದು ಪ್ರಸಿದ್ಧ ಐತಿಹ್ಯ. ಐತಿಹ್ಯದ ಸತ್ಯಾಸತ್ಯತೆ ಏನೇ ಇರಲಿ, ಆ ನೆಲೆ ಅರೇಬಿಕಾ ಜಾತಿಗೆ ಒಪ್ಪುವಂಥದು. ಅರೇಬಿಕಾ ಸಾಮಾನ್ಯವಾಗಿ 1,000ದಿಂದ 1,500 ಮೀಟರ್ ಎತ್ತರದಲ್ಲಿ ಚೆನ್ನಾಗಿ ಬೆಳೆಯುತ್ತದೆ. ರೋಬಸ್ಟಾಕ್ಕೆ 500ರಿಂದ 1,000 ಮೀಟರ್ ಸಾಕು. ಎತ್ತರವು ತಾನಾಗಿ ರುಚಿಯನ್ನು ಕೊಡುವುದಿಲ್ಲ. ಎತ್ತರ ಹೆಚ್ಚಿದಂತೆ ಉಷ್ಣತೆ ಇಳಿಯುತ್ತದೆ. ಹಣ್ಣು ನಿಧಾನವಾಗಿ ಮಾಗುತ್ತದೆ. ಬೀಜದಲ್ಲಿ ಸಕ್ಕರೆ ಮತ್ತು ಪರಿಮಳಕ್ಕೆ ಮೂಲವಾದ ದ್ರವ್ಯಗಳು ಶೇಖರಗೊಳ್ಳಲು ಕಾಲಾವಕಾಶ ದೊರೆಯುತ್ತದೆ. ಇಂಥ ಬೀಜ ಗಟ್ಟಿಯಾಗಿರುತ್ತದೆ. ಹುರಿದು ಸೋಸಿದಾಗ ಹಿತವಾದ ಹುಳಿಯನ್ನೂ ಸುವಾಸನೆಯನ್ನೂ ಕೊಡುತ್ತದೆ.

ಇದೇ ಕೆಲಸವನ್ನು ನೆರಳೂ ಮಾಡುತ್ತದೆ. ಕೊಡಗು, ಚಿಕ್ಕಮಗಳೂರು ಮತ್ತು ಹಾಸನ ಜಿಲ್ಲೆಗಳ ತೋಟಗಳಲ್ಲಿ ಕಾಫಿ ಕಾಡುಮರಗಳ ಅಡಿಯಲ್ಲಿ ಬೆಳೆಯುತ್ತದೆ. ಬೇಸಗೆಯ ಹೂಮಳೆಗೆ ಅರಳಿದ ಹೂ ಕಾಯಾಗಿ, ನೆರಳಿನ ತಂಪಿನಲ್ಲಿ ತಡವಾಗಿ ಮಾಗುತ್ತದೆ. ಆದ್ದರಿಂದ ತೋಟದ ಮರಗಳನ್ನು ಕಡಿದರೆ ನಷ್ಟವಾಗುವುದು ಮಣ್ಣು ಮತ್ತು ತೇವಾಂಶ ಮಾತ್ರವಲ್ಲ, ರುಚಿಯೂ ಹೌದು.

ತಳಿಯ ಪ್ರಭಾವ

ಅರೇಬಿಕಾ ಮತ್ತು ರೋಬಸ್ಟಾಗಳ ಭೇದ ಮೂಲಭೂತವಾದುದು. ಅರೇಬಿಕಾದಲ್ಲಿ 44 ವರ್ಣತಂತುಗಳಿದ್ದರೆ ರೋಬಸ್ಟಾದಲ್ಲಿ 22. ಅರೇಬಿಕಾದಲ್ಲಿ ಸಕ್ಕರೆ ಹಾಗೂ ಎಣ್ಣೆಯ ಅಂಶ ಅಧಿಕ. ರೋಬಸ್ಟಾದಲ್ಲಿ ಕೆಫೀನ್ ಸುಮಾರು ಎರಡು ಪಟ್ಟು. ರೋಬಸ್ಟಾದ ಕಹಿ ಮತ್ತು ಗಡಸುತನಕ್ಕೂ, ಹಾಲು ಬೆರೆಸಿದಾಗ ಮಂಕಾಗದ ಗಾಢತೆಗೂ ಅದರ ಈ ರಾಸಾಯನಿಕ ರಚನೆಯೇ ಕಾರಣ. ಅರೇಬಿಕಾ ಸ್ವಪರಾಗಸ್ಪರ್ಶಿ, ರೋಬಸ್ಟಾ ಅನ್ಯಪರಾಗಸ್ಪರ್ಶಿ. ಹೀಗಾಗಿ ಬೀಜದಿಂದ ಬೆಳೆಸಿದ ರೋಬಸ್ಟಾ ತೋಟದಲ್ಲಿ ಗಿಡದಿಂದ ಗಿಡಕ್ಕೆ ಗುಣ ಬದಲಾಗಬಹುದು.

ಕನ್ನಡ ನಾಡಿನಲ್ಲಿ ಅರೇಬಿಕಾ ತಳಿಗಳ ಚರಿತ್ರೆಯನ್ನು ನಡೆಸಿದ್ದು ರುಚಿಯಲ್ಲ, ರೋಗ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಎಲೆ ತುಕ್ಕು ರೋಗವು ಹಳೆಯ ತಳಿಗಳನ್ನು ಹಾಳುಗೆಡವಿತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮೈಸೂರು ಸೀಮೆಯ ತೋಟವೊಂದರಲ್ಲಿ ಆಯ್ಕೆಯಾದ ಕೆಂಟ್ಸ್ ತಳಿ ಕೆಲಕಾಲ ರೋಗವನ್ನು ತಡೆದು, ಸೊಗಸಾದ ರುಚಿಗೂ ಹೆಸರಾಯಿತು. 1925ರಲ್ಲಿ ಬಾಳೆಹೊನ್ನೂರಿನ ಬಳಿ ಸ್ಥಾಪನೆಯಾದ ಸಂಶೋಧನಾ ಕೇಂದ್ರವು ಎಸ್. 288 ಮತ್ತು ಕೆಂಟ್ಸ್‌ಗಳನ್ನು ಸಂಕರಿಸಿ ಎಸ್. 795 ತಳಿಯನ್ನು ರೂಪಿಸಿತು. ಇದರ ರೋಗನಿರೋಧಕ ಗುಣದ ಮೂಲ ಲೈಬೀರಿಕಾ ಜಾತಿ. ರುಚಿಯ ಆನುವಂಶಿಕತೆ ಬಹುಮಟ್ಟಿಗೆ ಕೆಂಟ್ಸ್‌ನದು. ಇಳುವರಿ, ರೋಗನಿರೋಧ ಮತ್ತು ರುಚಿ ಈ ಮೂರನ್ನೂ ಒಂದೇ ಗಿಡದಲ್ಲಿ ಕೂಡಿಸುವ ಪ್ರಯತ್ನ ಮುಂದೆಯೂ ನಡೆಯಿತು. 2007ರಲ್ಲಿ ಬಿಡುಗಡೆಯಾದ ಗಿಡ್ಡ ಜಾತಿಯ ಚಂದ್ರಗಿರಿ ಇದಕ್ಕೆ ನಿದರ್ಶನ.

ಸಂಸ್ಕರಣೆ

ಒಂದೇ ತೋಟದ ಹಣ್ಣನ್ನು ಪಲ್ಪರ್‌ಗೆ ಹಾಕಿ ತೊಳೆದು ಒಣಗಿಸಿದರೆ ಸ್ವಚ್ಛವಾದ ಹುಳಿಯ ಪಾರ್ಚ್‌ಮೆಂಟ್ ಕಾಫಿಯಾಗುತ್ತದೆ. ಸಿಪ್ಪೆಸಹಿತ ಕಣದಲ್ಲಿ ಒಣಗಿಸಿದರೆ ದಟ್ಟ ರುಚಿಯ ಚೆರಿ ಕಾಫಿಯಾಗುತ್ತದೆ. ಕರಾವಳಿಯ ಗೋದಾಮುಗಳಲ್ಲಿ ಮಳೆಗಾಲದ ತೇವದ ಗಾಳಿಗೆ ಹರವಿದ ಬೀಜ ಉಬ್ಬಿ, ಬಣ್ಣ ಬಿಳಿಚಿ, ಹುಳಿಯನ್ನು ಕಳೆದುಕೊಂಡು ‘ಮಾನ್ಸೂನ್ಡ್ ಮಲಬಾರ್’ ಎನಿಸುತ್ತದೆ. ಹಳೆಯ ಅಕ್ಕಿಯ ಅನ್ನ ಹೊಸ ಅಕ್ಕಿಯದಕ್ಕಿಂತ ಉದುರಾಗುವಂತೆ, ಇಲ್ಲಿಯೂ ಕಾಲ ಮತ್ತು ಹವೆ ಧಾನ್ಯದ ಗುಣವನ್ನೇ ಬದಲಿಸುತ್ತವೆ.

ಹೆಸರು ಮತ್ತು ಹುರುಳು

2019ರಲ್ಲಿ ಕೊಡಗು ಅರೇಬಿಕಾ, ಚಿಕ್ಕಮಗಳೂರು ಅರೇಬಿಕಾ ಹಾಗೂ ಬಾಬಾಬುಡನ್‌ಗಿರಿ ಅರೇಬಿಕಾಗಳಿಗೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ಇದು ಹೆಸರಿಗೆ ದೊರೆತ ರಕ್ಷಣೆ. ಹೆಸರಿನ ಹಿಂದಿರುವ ರುಚಿಗೆ ಅಷ್ಟೇ ಸಾಲದು. ಬಿಳಿ ಕಾಂಡಕೊರಕದ ಕಾಟ, ಕೂಲಿಯಾಳುಗಳ ಕೊರತೆ ಮತ್ತು ಏರುಪೇರಾಗುವ ಮಳೆಯಿಂದ ಬೇಸತ್ತ ಬೆಳೆಗಾರರು ಅರೇಬಿಕಾವನ್ನು ಕಿತ್ತು ರೋಬಸ್ಟಾವನ್ನು ನೆಡುತ್ತಿರುವುದುಂಟು. ಭಾರತದ ಕಾಫಿ ಉತ್ಪಾದನೆಯಲ್ಲಿ ಈಗ ರೋಬಸ್ಟಾದ್ದೇ ಸಿಂಹಪಾಲು. ಇದು ಬೆಳೆಗಾರನ ಬದುಕಿನ ಅನಿವಾರ್ಯತೆಯಾದ್ದರಿಂದ ಅವನನ್ನು ದೂಷಿಸುವಂತಿಲ್ಲ. ಆದರೆ ನೆಲೆಯ ಗುಣ ಪ್ರಕಟವಾಗುವುದು ತಕ್ಕ ತಳಿಯ ಮೂಲಕವೇ; ತಳಿಯ ಗುಣ ಉಳಿಯುವುದು ತಕ್ಕ ನೆರಳು ಮತ್ತು ಸಂಸ್ಕರಣೆಗಳಿಂದಲೇ. ಬೇರೆ ಬೇರೆ ತಳಿಗಳ ಫಸಲನ್ನು ಒಂದೇ ರಾಶಿಗೆ ಸುರಿದು ಒಂದೇ ದರ ಕೊಡುವ ಮಾರುಕಟ್ಟೆಯಲ್ಲಿ ರುಚಿಗಾಗಿ ಶ್ರಮಿಸಿದವನಿಗೆ ಪ್ರತಿಫಲ ದೊರೆಯದು. ತಳಿ, ತೋಟ ಮತ್ತು ಸಂಸ್ಕರಣೆಗಳ ವಿವರ ಚೀಲದೊಂದಿಗೆ ಕೊಳ್ಳುವವನವರೆಗೂ ಸಾಗಿದಾಗ ಮಾತ್ರ ಊರಿನ ಹೆಸರಿಗೆ ಅರ್ಥ ಉಳಿಯುತ್ತದೆ. ಈ ಮಾತು ಗಿರಿಯ ಕಾಫಿಗೆ ಸಲ್ಲುವಂತೆ ಹಗರಿಯ ಬಯಲಿನ ಅಕ್ಕಿಗೂ ಸಲ್ಲುತ್ತದೆ.