ಭೂತಾಯಿಯ ನಾಡಿ ಹಿಡಿದು ನೋಡೋಣ

ಶರಣ ಪರಂಪರೆಯಲ್ಲಿ ಬೇಸಾಯಕ್ಕೆ ಹಿರಿದಾದ ಸ್ಥಾನವಿದೆ. ಹನ್ನೆರಡನೆಯ ಶತಮಾನದ ಒಕ್ಕಲಿಗ ಮುದ್ದಣ್ಣನವರು ಒಕ್ಕಲುತನವನ್ನೇ ಕಾಯಕವಾಗಿ ಕೈಗೊಂಡವರು. ಕಾಯಕವೆಂದ ಮೇಲೆ ಅದು ಅರಿವಿನಿಂದ ಕೂಡಿರಬೇಕು. ಮೈಯಲ್ಲಿ ಜ್ವರ ಕಂಡೊಡನೆ ವೈದ್ಯರ ಬಳಿಗೆ ಧಾವಿಸುವ ನಾವು, ನಮಗೆ ಅನ್ನವಿಕ್ಕುವ ಭೂಮಿಯ ಆರೋಗ್ಯವನ್ನು ಎಷ್ಟು ಸಲ ವಿಚಾರಿಸಿದ್ದೇವೆ?

ನಮ್ಮ ಹೊಲದ ಸಂಗತಿಯನ್ನೇ ಹೇಳುವುದಾದರೆ, ಗೋವಿನಜೋಳದ ಎಳೆಯ ಎಲೆಗಳಲ್ಲಿ ಬಿಳಿಯ ಪಟ್ಟೆಗಳು ಮೂಡಿ ಬೆಳೆ ಕುಂಠಿತವಾಯಿತು. ಗೊಬ್ಬರ ಸಾಲದೆಂದು ಭಾವಿಸಿ ಎರಡು ವರ್ಷ ಯೂರಿಯಾ, ಡಿ.ಎ.ಪಿ.ಗಳನ್ನು ಹೆಚ್ಚು ಹೆಚ್ಚಾಗಿ ಹಾಕಿದೆವು. ಅಂಗಡಿಯ ಉದ್ರಿ ಏರಿತೇ ಹೊರತು ಬೆಳೆ ಸುಧಾರಿಸಲಿಲ್ಲ. ಮಗಳ ಓದಿಗೆಂದು ಕೂಡಿಟ್ಟ ಹಣಕ್ಕೂ ಕೈ ಹಾಕಬೇಕಾಯಿತು. ಕೊನೆಗೆ ಮಣ್ಣನ್ನು ಪರೀಕ್ಷೆಗೆ ಕಳುಹಿಸಿದಾಗ ನಿಜ ತಿಳಿಯಿತು. ರಂಜಕ ಬೇಕಾದುದಕ್ಕಿಂತ ಅಧಿಕವಾಗಿತ್ತು, ಕೊರತೆಯಿದ್ದುದು ಸತುವಿನದು. ರಂಜಕ ಅತಿಯಾದರೆ ಪೈರಿಗೆ ಸತು ದಕ್ಕುವುದು ಕಡಿಮೆಯಾಗುತ್ತದೆ. ಹಣ ತೆತ್ತು ನಾವೇ ರೋಗವನ್ನು ಬೆಳೆಸುತ್ತಿದ್ದೆವು! ಮರುವರ್ಷ ಡಿ.ಎ.ಪಿ.ಯನ್ನು ಮಿತಗೊಳಿಸಿ, ಶಿಫಾರಸಿನಂತೆ ಎಕರೆಗೆ 10 ಕಿಲೋ ಸತುವಿನ ಸಲ್ಫೇಟನ್ನು ಪ್ರತ್ಯೇಕವಾಗಿ ಹಾಕಿದೆವು. ಖರ್ಚು ತಗ್ಗಿತು, ಪೈರು ಹಸಿರಾಯಿತು.

ಇದು ನಮ್ಮೊಬ್ಬರ ಕಥೆಯಲ್ಲ. ಕರ್ನಾಟಕದಲ್ಲಿ 2009ರಲ್ಲಿ ಆರಂಭವಾದ ಭೂಚೇತನ ಯೋಜನೆಯ ಮಣ್ಣು ಪರೀಕ್ಷೆಗಳಲ್ಲಿ ಅನೇಕ ಕಡೆ ಸತು, ಬೋರಾನ್, ಗಂಧಕಗಳ ಕೊರತೆ ಕಂಡುಬಂದಿತು. 2015ರಲ್ಲಿ ಜಾರಿಗೆ ಬಂದ ಮಣ್ಣು ಆರೋಗ್ಯ ಚೀಟಿಯಲ್ಲಿ ರಸಸಾರ, ಲವಣಾಂಶ, ಸಾವಯವ ಇಂಗಾಲ, ಸಾರಜನಕ, ರಂಜಕ, ಪೊಟ್ಯಾಷ್ ಮೊದಲಾದ 12 ಅಂಶಗಳ ವಿವರವಿರುತ್ತದೆ. ಹುಳಿ ಮಣ್ಣಿಗೆ ಸುಣ್ಣವನ್ನೂ, ಕ್ಷಾರ ಮಣ್ಣಿಗೆ ಜಿಪ್ಸಮನ್ನೂ ಎಷ್ಟು ಹಾಕಬೇಕೆಂಬುದನ್ನು ಪರೀಕ್ಷೆಯಿಂದಲೇ ಅರಿಯಬೇಕು.

ಮಾದರಿ ತೆಗೆಯುವುದರಲ್ಲಿ ತಪ್ಪಿದರೆ ಪರೀಕ್ಷೆಯೇ ವ್ಯರ್ಥ. ಸುಗ್ಗಿ ಮುಗಿದು ಬಿತ್ತನೆಗೆ ಮುನ್ನ ಇರುವ ಬಿಡುವು ಇದಕ್ಕೆ ಸೂಕ್ತ. ಕೆಂಪು ಮಣ್ಣಿಗೂ ಎರೆ ಮಣ್ಣಿಗೂ ಬೇರೆ ಬೇರೆ ಮಾದರಿ ಬೇಕು. ಬದು, ತಿಪ್ಪೆಯ ಜಾಗ, ಮರದ ನೆರಳು, ನೀರು ನಿಲ್ಲುವ ತಗ್ಗು ಇವುಗಳನ್ನು ಬಿಟ್ಟು, ಅಂಕುಡೊಂಕಾಗಿ ನಡೆಯುತ್ತ 10–15 ಕಡೆ ಮೇಲಿನ ಕಸಕಡ್ಡಿ ಸರಿಸಬೇಕು. ಇಂಗ್ಲಿಷಿನ ‘ವಿ’ ಅಕ್ಷರದಂತೆ 15 ಸೆಂಟಿಮೀಟರ್ ಆಳದ ಗುಂಡಿ ತೋಡಿ, ಅದರ ಪಕ್ಕದಿಂದ ಮೇಲಿನಿಂದ ಕೆಳಗಿನವರೆಗೆ ತೆಳುವಾಗಿ ಮಣ್ಣು ಕೆರೆದುಕೊಳ್ಳಬೇಕು. ತುಕ್ಕು ಹಿಡಿದ ಸಲಕರಣೆ, ಸತುವಿನ ಲೇಪವುಳ್ಳ ಬಕೆಟ್ ಬಳಸಬಾರದು. ಎಲ್ಲವನ್ನೂ ಬೆರೆಸಿ ನಾಲ್ಕು ಪಾಲು ಮಾಡಿ, ಎದುರುಬದುರಿನ ಎರಡು ಪಾಲುಗಳನ್ನು ಮಾತ್ರ ಉಳಿಸಿಕೊಳ್ಳಬೇಕು. ಅರ್ಧ ಕಿಲೋ ಉಳಿಯುವವರೆಗೆ ಹೀಗೆಯೇ ಮಾಡಿ, ನೆರಳಿನಲ್ಲಿ ಒಣಗಿಸಿ, ಶುಭ್ರವಾದ ಚೀಲದಲ್ಲಿ ತುಂಬಬೇಕು. ಹೆಸರು, ಸರ್ವೆ ನಂಬರು, ಹಿಂದಿನ ಬೆಳೆ ಹಾಗೂ ಮುಂದಿನ ಬೆಳೆಯನ್ನು ಬರೆದು ರೈತ ಸಂಪರ್ಕ ಕೇಂದ್ರಕ್ಕಾಗಲಿ, ಕೃಷಿ ವಿಜ್ಞಾನ ಕೇಂದ್ರಕ್ಕಾಗಲಿ ಒಪ್ಪಿಸಿದರಾಯಿತು. ಮೂರು ವರ್ಷಗಳಿಗೊಮ್ಮೆ ಇದನ್ನು ಮಾಡಿಸುವುದು ಲೇಸು.

ಚೀಟಿ ಕೈಸೇರಿದ ಮೇಲೆ ಅದನ್ನು ಪೆಟ್ಟಿಗೆಯಲ್ಲಿಟ್ಟು ಮರೆಯುವವರೂ ಉಂಟು. ಮನೆಮಂದಿಯೆಲ್ಲ ಕುಳಿತು ಓದಿ, ಅದರಂತೆ ಗೊಬ್ಬರದ ಲೆಕ್ಕ ಹಾಕಿದಾಗಲೇ ಫಲ. ಸಾವಯವ ಇಂಗಾಲ ಕಡಿಮೆಯೆಂದು ಕಂಡರೆ ಕೊಟ್ಟಿಗೆ ಗೊಬ್ಬರವನ್ನೂ ಹಸಿರೆಲೆ ಗೊಬ್ಬರವನ್ನೂ ಹೆಚ್ಚಿಸೋಣ.

ಬಂದ ಫಲದಲ್ಲಿ ಒಂದು ಪಾಲನ್ನು ದಾಸೋಹಕ್ಕೆ ಸಲ್ಲಿಸುವುದು ನಮ್ಮ ಮನೆತನಗಳ ನಡೆ. ಆ ಫಲವನ್ನು ಕೊಡುವ ಮಣ್ಣು ಹಿರಿಯರಿಂದ ಬಂದದ್ದು, ಮಕ್ಕಳಿಗೆ ಸೇರಬೇಕಾದದ್ದು. ಅದನ್ನು ಬಡವಾಗಿಸದೆ ಒಪ್ಪಿಸುವುದೂ ಕಾಯಕದ ಒಂದು ಭಾಗವೆಂದು ನಾವು ನಂಬುತ್ತೇವೆ.